ಮೂಗು ಮಾಯುವ ತನಕ

ತಿಕೋಟಾ
೧೦ ಫೆಬ್ರುವರಿ ೨೦೨೫

ನಿರ್ಮಲಾ,

ಇನ್ನು ಮುಂದೆ ನಾನು ನಿನಗೆ ಫೋನ್ ಮಾಡುವುದಿಲ್ಲ. ನಿನ್ನೆ ನಾನು ಮಾತಾಡುತ್ತಿದ್ದಾಗ ಆ ಕಡೆ ನಿನ್ನ ಅತ್ತೆ ಕೆಮ್ಮಿದ್ದು ಕೇಳಿಸಿತು. ಫೋನನ್ನು ಸ್ಪೀಕರಿಗೆ ಹಾಕಿ ಪಡಸಾಲೆಯಲ್ಲಿ ಇಟ್ಟಿದ್ದೆಯಲ್ಲವೇ? ತಾಯಿ ಮಗಳ ಮಾತು ಊರೆಲ್ಲ ಕೂತು ಕೇಳುವ ಭಜನೆಯಲ್ಲ. ನಾನು ಹೈಸ್ಕೂಲಿನ ತನಕ ಕಲಿತವಳು, ಬರೆಯಲು ಬರುತ್ತದೆ. ನಿನ್ನನ್ನೂ ಓದಿಸಿದ್ದೇನೆ. ನೀನೂ ಬರೆ.

ನಾನು ಮೂಗು ಚುಚ್ಚಿಸಿಕೊಂಡಿದ್ದು ನಿಜವೇ ಎಂದು ಕೇಳಿದೆ. ನಿಜ. ಬೇರೆಯವರ ಬಾಯಲ್ಲಿ ಅದು ಏನೇನೋ ಆಗುವ ಮೊದಲು ನನ್ನಿಂದಲೇ ಕೇಳು.

ಹುಟ್ಟುವ ಕೂಸಿಗೆ ಉಂಗುರ, ನಿನ್ನ ಸೀಮಂತದ ಕುಬಸಕ್ಕೆ ಒಂದು ಸರ ಮಾಡಿಸಬೇಕೆಂದು ನಿನ್ನ ಅಣ್ಣ ಭೀಮಾಶಂಕರ ಮನೆಯಲ್ಲಿದ್ದ ಹಳೆಯ ಬಂಗಾರವನ್ನೆಲ್ಲ ಅರಿವೆಯಲ್ಲಿ ಕಟ್ಟಿಕೊಂಡು ಪತ್ತಾರ ಮೌನಪ್ಪನಲ್ಲಿಗೆ ಹೊರಟ. ನಾನೂ ಹೋದೆ. ಮೌನಪ್ಪ ಒಂದೊಂದಾಗಿ ತಕ್ಕಡಿಗೆ ಹಾಕುತ್ತ ಹೋದ. ತುಂಡಾದ ಸರಪಳಿ, ಒಂಟಿ ಬೆಂಡೋಲೆ, ಅದರ ಕೆಳಗೆ ನನ್ನ ಮೂಗುತಿ.

"ಇದನ್ನೂ ಮುರೀಲೇನ್ರಿ, ಅವ್ವಾರ?"

"ಇದನ್ನ ಇದ್ರಾಗ ಯಾರು ಹಾಕಿದ್ರು?" ಎಂದೆ.

"ಅವ್ವಾ, ನೀ ಹೆಂಗೂ ಹಾಕ್ಕೊಳ್ಳೂದಿಲ್ಲ. ಸುಮ್ನ ತಿಜೂರಿಯೊಳಗ ಬಿದ್ದಿತ್ತು" ಎಂದ ನಿನ್ನ ಅಣ್ಣ.

ಸತ್ತವರ ಸಾಮಾನಿನ ಬಗ್ಗೆ ಹಾಗೆ ಮಾತಾಡುತ್ತಾರೆ. ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ.

"ಮುರೀಬ್ಯಾಡ" ಎಂದೆ ಮೌನಪ್ಪನಿಗೆ.

"ಮತ್ತೇನ್ ಮಾಡ್ಲಿರಿ?"

"ಚುಚ್ಚು."

ಮೌನಪ್ಪ ನಕ್ಕ. ನನ್ನ ಮುಖ ನೋಡಿದ ಮೇಲೆ ನಗು ನಿಲ್ಲಿಸಿ ಸೂಜಿ ಕಾಯಿಸಿದ. ಭೀಮಾಶಂಕರ ಎದ್ದು ಹೊರಗೆ ಹೋಗಿ ಬೀದಿಗೆ ಮುಖ ಮಾಡಿ ನಿಂತ. ನಿನ್ನ ಅಪ್ಪ ತೀರಿದ ದಿನ ಹೆಂಗಸರು ಮೂಗುತಿ ತೆಗೆದಿದ್ದರು, ತೂತು ಎಂದೋ ಕೂಡಿಹೋಗಿತ್ತು. ಈಗ ಹೊಸದೇ ಆಯಿತು. ನಾನು ಅಳಲಿಲ್ಲ. ಮೂಗಿಗೆ ಸೂಜಿ ಹೋದರೆ ಕಣ್ಣಲ್ಲಿ ನೀರು ತಾನಾಗಿ ಬರುತ್ತದೆ, ಅದು ಅಳುವಲ್ಲ.

ಮೂಗುತಿಯನ್ನು ಈಗಲೇ ಹಾಕಬಾರದಂತೆ. ತೆಳುವಾದ ಬಂಗಾರದ ತಂತಿ ಹಾಕಿದ್ದಾನೆ. "ಪೂರಾ ಮಾಯೂ ಮಟ ಇದನ್ನ ತೆಗೀಬ್ಯಾಡ್ರಿ. ಹಸಿ ಇದ್ದಾಗ ತೆಗದ್ರ ಹೊಳ್ಳಿ ಕೂಡಿ ಬಿಡ್ತದ" ಎಂದ. ತೆಗೆಯುವ ಮಾತೇ ಇಲ್ಲ. ನೀನು ಹೆರಿಗೆಗೆ ತಿಕೋಟಾಕ್ಕೆ ಬರುವ ಹೊತ್ತಿಗೆ ಅರ್ಧವಾದರೂ ಮಾದಿರುತ್ತದೆ.

ನಿನ್ನ ಅವ್ವ
ಗುರುಬಾಯಿ


ಬಬಲೇಶ್ವರ
೧೯ ಫೆಬ್ರುವರಿ ೨೦೨೫

ಅವ್ವಾ,

ನಿನಗೆ ಅಣ್ಣನ ಮೇಲೆ ಸಿಟ್ಟು ಬಂದರೆ ಅವನನ್ನು ಬೈದು ಬಿಡಬೇಕಿತ್ತು. ಪತ್ತಾರನ ಮುಂದೆ ಮೂಗು ಒಡ್ಡಿದ್ದೀ. ಅದರ ನೋವು ಇಲ್ಲಿ ನನಗೆ.

ಅತ್ತೆ ದಿನಕ್ಕೊಂದು ಮಾತು ಆಡುತ್ತಾರೆ. ನಿನ್ನೆ ಜೋಳ ಹಸನು ಮಾಡುತ್ತ ಕೂತಾಗ ಪಕ್ಕದ ಮನೆಯವರ ಎದುರಿಗೇ ಕೇಳಿದರು: "ಅಜ್ಜಿ ಆಗೂ ಹೊತ್ತಿಗೆ ನಿಮ್ಮವ್ವಗ ಮೂಗುತಿ ನೆನಪಾತೇನ? ಯಾರಿಗೆ ತೋರ್ಸಾಕ ಬೇ?" ನಾನು ತಲೆ ತಗ್ಗಿಸಿ ಮೊರ ಹಿಡಿದು ಕೂತೆ. ಅತ್ತೆಗೂ ಗಂಡ ಇಲ್ಲ. ಮಗ, ಅಂದರೆ ಇವರು, ತೊಟ್ಟಿಲಲ್ಲಿದ್ದಾಗಿನಿಂದ ಒಬ್ಬರೇ ದಿನ ಕಳೆದವರು. ಅವರು ಎಂದಾದರೂ ಹೀಗೆ ಮಾಡಿದರೇ ಎಂದು ಇವರು ಕೇಳುತ್ತಾರೆ. ನಾನು ಏನು ಉತ್ತರ ಕೊಡಲಿ?

ಮಾರ್ಚ್ ಒಂಬತ್ತಕ್ಕೆ ಕುಬಸ ಇಟ್ಟಿದ್ದಾರೆ. ಊರಿನ ಹೆಂಗಸರೆಲ್ಲ ಬರುತ್ತಾರೆ. ತಂತಿ ತೆಗೆ ಎಂದರೆ ನೀನು ತೆಗೆಯುವವಳಲ್ಲ, ನನಗೆ ಗೊತ್ತು. ಮೂಗಿನ ಮೇಲೆ ಒಂದು ಔಷಧದ ಪಟ್ಟಿ ಹಚ್ಚಿಕೊಂಡು ಬಾ. ಕುರು ಆಗಿದೆ ಎಂದು ಹೇಳಿದರೆ ಯಾರೂ ಹೆಚ್ಚು ಕೇಳುವುದಿಲ್ಲ. ಒಂದೇ ದಿನದ ಮಾತು. ಇಷ್ಟನ್ನೂ ಮಾಡಲಾರೆಯಾದರೆ ಬರಬೇಡ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.

ನಿನ್ನ ಮಗಳು
ನಿರ್ಮಲಾ


ತಿಕೋಟಾ
೨೬ ಫೆಬ್ರುವರಿ ೨೦೨೫

ನಿರ್ಮಲಾ,

ಬರೆಯಲು ಕೈ ಏಳುತ್ತಿಲ್ಲ ಎಂದು ಬರೆದೇ ಬಿಟ್ಟೆಯಲ್ಲ. ನನ್ನ ಮಗಳೇ ಸರಿ.

ನಾನು ಇಲ್ಲಿ ಮಣೂಕದ ಶೆಡ್ಡಿನಲ್ಲಿ ಬೆಳಗಿನಿಂದ ನಿಂತಿರುತ್ತೇನೆ. ದ್ರಾಕ್ಷಿ ಒಣಗಿ ಮಣೂಕವಾಗುವ ಕಾಲ. ಗಂಧಕದ ಹೊಗೆ ಹಾಕುವಾಗ ಹಸಿ ಮೂಗಿಗೆ ಮೆಣಸಿನಕಾಯಿ ಇಟ್ಟಂತಾಗುತ್ತದೆ. ಆದರೂ ಕೆಲಸದವರ ಎದುರು ಒಂದು ದಿನವೂ ಸೆರಗು ಮೂಗಿಗೆ ಎಳೆದುಕೊಂಡಿಲ್ಲ. ಮುಖ ತೊಳೆಯುವಾಗ ಟವೆಲ್ಲಿನ ಎಳೆ ತಂತಿಗೆ ಸಿಕ್ಕಿ ಜೀವ ಹೋದಂತಾಯಿತು, ಹಲ್ಲು ಕಚ್ಚಿ ಬಿಡಿಸಿಕೊಂಡೆ. ನನ್ನ ಮೂಗನ್ನು ತಿಕೋಟಾ ನೋಡಿದೆ. ಮೊದಲೆರಡು ದಿನ ನಕ್ಕವರು ಈಗ ದ್ರಾಕ್ಷಿ ದರ ಮಾತಾಡುತ್ತಾರೆ.

ನೀನು ಮಾತ್ರ ಅದನ್ನು ಮುಚ್ಚು ಎನ್ನುತ್ತೀ. ಕಳ್ಳತನ ಮಾಡಿದವಳಂತೆ ನಾನು ನಿನ್ನ ಮನೆಯ ಹೊಸ್ತಿಲು ದಾಟಬೇಕೇ? ಬರುವುದಿಲ್ಲ ಎಂದು ಎರಡು ಸಲ ಬರೆದು ಎರಡು ಸಲ ಹರಿದೆ. ನಿನ್ನ ಹೊಟ್ಟೆಯಲ್ಲಿರುವುದು ಏನೂ ತಪ್ಪು ಮಾಡಿಲ್ಲ. ಅದಕ್ಕಾಗಿ ಬರುತ್ತೇನೆ. ಪಟ್ಟಿಯನ್ನೂ ಹಚ್ಚಿಕೊಳ್ಳುತ್ತೇನೆ. ಸುಳ್ಳು ಮಾತ್ರ ನಾನು ಹೇಳುವುದಿಲ್ಲ, ಅದನ್ನು ನೀನೇ ಹೇಳು.

ಗುರುಬಾಯಿ


ತಿಕೋಟಾ
೨೨ ಮಾರ್ಚ್ ೨೦೨೫

ನಿರ್ಮಲಾ,

ಕುಬಸದಿಂದ ಬಂದ ಮೇಲೆ ನಾನು ಏಕೆ ಸುಮ್ಮನಿದ್ದೇನೆ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಹಸಿರು ಸೀರೆಯಲ್ಲಿ ನೀನು ಚೆಂದ ಕಾಣುತ್ತಿದ್ದೆ. ಮುತ್ತೈದೆಯರು ನಿನ್ನ ಉಡಿ ತುಂಬುವಾಗ ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತು ನೋಡಿದೆ. ಹೆತ್ತವಳನ್ನು ಅಷ್ಟು ದೂರ ಕೂಡಿಸಿದ್ದರ ಬಗ್ಗೆ ನಾನು ಒಂದು ಮಾತೂ ಎತ್ತಲಿಲ್ಲ. ನಿನ್ನ ಅತ್ತೆ ಸೋನಾಬಾಯಿ ಎಲ್ಲರಿಗೂ ಕೇಳುವಂತೆ, "ಬೀಗರ ಮೂಗಿಗೆ ಏನಾಗೇತಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀನು "ಕುರು ಆಗೇತ್ರಿ" ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಗೊತ್ತಿದ್ದೇ ನಕ್ಕರು. ಆ ನಗುವಿನಲ್ಲಿ ನೀನೂ ತುಸು ಸೇರಿಕೊಂಡೆ. ನಾನು ನೋಡಿದೆ.

ಅಂದಿನ ಬಿಸಿಲು ನಿನಗೆ ಗೊತ್ತು. ಬೆಳಗಿನಿಂದ ಸಂಜೆಯ ತನಕ ಬೆವರು ಆ ಪಟ್ಟಿಯೊಳಗೇ ಕುದಿಯಿತು. ಮನೆಗೆ ಬಂದು ಕಿತ್ತಾಗ ತಂತಿಯ ಸುತ್ತ ಕೆಂಪಾಗಿತ್ತು. ಸೌಭಾಗ್ಯ ಹೆದರಿಕೊಂಡು ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ದಪ್ಪಗೆ ಮೆತ್ತಿದಳು. ಸೊಸೆ ಪ್ರೀತಿಯಿಂದ ಮಾಡಿದ್ದು, ಬೇಡ ಎನ್ನಲಿಲ್ಲ. ದಿನಾ ಅದನ್ನೇ ಮೆತ್ತಿದೆವು. ಹಾಕಿದಷ್ಟೂ ಊತ ಏರಿತು. ಕೀವು ತುಂಬಿ ಮೂಗು ಬದನೆಕಾಯಿಯಂತಾಯಿತು, ಜ್ವರ ಬಂತು. ಭೀಮಾಶಂಕರ ಗಾಡಿಯಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಓಡಿದ.

ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. "ಅಜ್ಜಿ, ಈ ವಯಸ್ಸಿನಾಗ ಫ್ಯಾಷನ್ ಏನ್ರಿ?" ಎಂದು ನಕ್ಕಳು.

"ನನ್ನ ವಯಸ್ಸು ಚೀಟಿ ಮ್ಯಾಲ ಬರದಾರ. ನೀ ಮೂಗು ನೋಡವ್ವಾ" ಎಂದೆ.

ಆಮೇಲೆ ಅವಳು ನಗಲಿಲ್ಲ. ತಂತಿ ತೆಗೆ ಎನ್ನುತ್ತಾಳೆಂದು ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವಳು ಅದನ್ನು ಮುಟ್ಟಗೊಡಲಿಲ್ಲ. "ಈಗ ತಂತಿ ತೆಗದ್ರ ಮ್ಯಾಲಿನ ಬಾಯಿ ಮುಚ್ಚಿ ಕೀವು ಒಳಗ ಉಳೀತದ. ಇರ್ಲಿ" ಎಂದಳು. ಗುಳಿಗೆ ಬರೆದಳು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಶುದ್ಧ ಬಟ್ಟೆ ಅದ್ದಿ ಮುಂಜಾನೆ ಸಂಜೆ ಮೆಲ್ಲಗೆ ಒತ್ತಬೇಕು, ಒಣ ಬಟ್ಟೆಯಿಂದ ನೀರು ತೆಗೆಯಬೇಕು. ತಂತಿಯನ್ನು ತಿರುಗಿಸಬಾರದು, ಕೈ ತೊಳೆಯದೆ ಮುಟ್ಟಬಾರದು, ಹಕ್ಕಳೆ ಕೀಳಬಾರದು. ಎಣ್ಣೆ ಬೇಡ, ಅರಿಶಿನ ಬೇಡ. ಅರಿಶಿನ ಬೇಡ ಎಂದದ್ದಕ್ಕೆ ಸೌಭಾಗ್ಯಳ ಮುಖ ನೋಡಬೇಕಿತ್ತು.

"ಮತ್ತ ಪಟ್ಟಿ?" ಎಂದು ನಾನೇ ಕೇಳಿದೆ.

"ಪಟ್ಟಿ ಯಾರು ಹಚ್ಚು ಅಂದ್ರಿ? ಗಾಯಕ್ಕ ಗಾಳಿ ಬೇಕ್ರಿ" ಎಂದಳು.

ಯಾರು ಹಚ್ಚು ಎಂದರು ಎಂದು ನಾನು ಹೇಳಲಿಲ್ಲ. ನಿನ್ನ ಮರ್ಯಾದೆ ಅಲ್ಲಿಯೂ ನಾನೇ ಕಾಯಬೇಕಾಯಿತು.

ಗುರುಬಾಯಿ


ಬಬಲೇಶ್ವರ
೧ ಏಪ್ರಿಲ್ ೨೦೨೫

ಅವ್ವಾ,

ಯುಗಾದಿಗೆ ಅಣ್ಣ ಫೋನ್ ಮಾಡಿದಾಗ ನೀನು ದವಾಖಾನೆಗೆ ಹೋದದ್ದೆಲ್ಲ ಇವರಿಗೆ ಗೊತ್ತಾಯಿತು. ನಿನ್ನ ಪತ್ರ ನಾನು ಯಾರಿಗೂ ತೋರಿಸಿರಲಿಲ್ಲ.

ಅತ್ತೆ ಅಂದರು: "ದೇವರ ತೋರ್ಸ್ಯಾನ. ಕೀವು ಸುಮ್ನ ಬರ್ತದೇನ?" ಇವರು ಗೊಬ್ಬರದ ಅಂಗಡಿಯಿಂದ ಬಂದವರೇ ನನ್ನನ್ನು ಕರೆದು ಕೂಡಿಸಿ ಹೇಳಿದರು. ನಿನ್ನ ಮೂಗಿನಲ್ಲಿ ಆ ತಂತಿ ಇರುವ ತನಕ ನನ್ನನ್ನು ಹೆರಿಗೆಗೆ ತಿಕೋಟಾಕ್ಕೆ ಕಳಿಸುವುದಿಲ್ಲವಂತೆ. ಮೊದಲ ಕೂಸು ಅಂಥ ಮನೆಯಲ್ಲಿ ಹುಟ್ಟುವುದು ಬೇಡವಂತೆ. ಬಾಣಂತನ ಇಲ್ಲೇ ಆಗಲಿ, ಅತ್ತೆ ನೋಡಿಕೊಳ್ಳುತ್ತಾರೆ ಎಂದರು.

ಅತ್ತೆಯ ಕೈಯಲ್ಲಿ ಬಾಣಂತನ ಎಂದರೆ ಏನೆಂದು ನಿನಗೆ ಗೊತ್ತು. ನೀರು ಕೇಳುವುದಕ್ಕೂ ನಾನು ಯೋಚಿಸುತ್ತೇನೆ.

ಒಂದು ತಂತಿ ಅವ್ವಾ. ನನಗಿಂತ ಅದು ಹೆಚ್ಚಾಯಿತೇ? ತೆಗೆದುಬಿಡು. ನೀನು ತೆಗೆದರೆ ಮರುದಿನವೇ ಕರೆದುಕೊಂಡು ಬಂದು ಬಿಡುತ್ತೇನೆ ಎಂದಿದ್ದಾರೆ.

ನಿರ್ಮಲಾ


ತಿಕೋಟಾ
೮ ಏಪ್ರಿಲ್ ೨೦೨೫

ನಿರ್ಮಲಾ,

ಕೀವು ಕೊಟ್ಟದ್ದು ದೇವರಲ್ಲ. ನಿನ್ನ ಪಟ್ಟಿ. ಇದನ್ನು ನಿನ್ನ ಅತ್ತೆಗೆ ನೀನು ಹೇಳಿದ್ದೀಯೋ ಇಲ್ಲವೋ? ಹೇಳಿರಲಾರೆ. ಈ ಪತ್ರವನ್ನು ಅಡಗಿಸಿ ಇಡಬೇಡ. ನಿನ್ನ ಗಂಡ ಅರುಣಕುಮಾರನ ಕೈಗೆ ಕೊಡು. ಓದಲಿ.

ಅಳಿಯಂದಿರೇ, ನಿಮ್ಮ ಮಾವನವರು ಶಂಕರೆಪ್ಪನವರು ನನಗೆ ಕಟ್ಟಿದ್ದು ತಾಳಿ. ತೊಡಿಸಿದ್ದು ಅವರ ಮನೆಯ ಬಳೆ. ಅವರು ಹೋದಾಗ ಅವು ಹೋದವು, ನಾನು ಸೊಲ್ಲೆತ್ತಲಿಲ್ಲ. ಮೂಗುತಿ ಅವರು ಕೊಟ್ಟದ್ದಲ್ಲ. ನನ್ನ ತವರು ಅರಕೇರಿಯಲ್ಲಿ ನಾನು ಇನ್ನೂ ಪಾಟಿಚೀಲ ಹೊತ್ತು ಶಾಲೆಗೆ ಹೋಗುವಾಗ ನನ್ನ ಅವ್ವ ತನ್ನ ಕಿವಿಯ ಜುಮುಕಿ ಮುರಿಸಿ ಮಾಡಿಸಿ ಕೊಟ್ಟದ್ದು. ಆಮೇಲೆ ಅವಳು ಸಾಯುವ ತನಕ ಬರಿ ಕಿವಿಯಲ್ಲೇ ಇದ್ದಳು. ತಿಕೋಟಾ ಎಂಬ ಊರಿನಲ್ಲಿ ಶಂಕರೆಪ್ಪ ಎಂಬವರಿದ್ದಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವರು ನನ್ನ ಬಾಳಿಗೆ ಬರುವ ಮೊದಲೇ ನನ್ನ ಮುಖದ ಮೇಲೆ ಇದ್ದುದನ್ನು ಅವರ ಹೆಣದ ಮುಂದೆ ಕೂಡಿಸಿ ಏಕೆ ತೆಗೆದರು? ನನ್ನನ್ನು ಹೆತ್ತವಳು ಕೊಟ್ಟದ್ದರ ಮೇಲೆ ನನ್ನನ್ನು ಕಟ್ಟಿಕೊಂಡವರ ಸಾವಿಗೆ ಏನು ಹಕ್ಕು? ಇದಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ಬರೆದು ತಿಳಿಸಿ. ಉತ್ತರ ಇಲ್ಲದೆ ನನ್ನ ಮೂಗಿಗೆ ಕೈ ಹಾಕಬೇಡಿ.

ಇನ್ನು ನೀನು, ನಿರ್ಮಲಾ. ತಂತಿ ನನಗಿಂತ ಹೆಚ್ಚೇ ಎಂದು ಕೇಳಿದೆ. ಮೊದಲು ಮುಚ್ಚು ಎಂದೆ, ಮುಚ್ಚಿದೆ. ಈಗ ತೆಗೆ ಎನ್ನುತ್ತೀ. ತೆಗೆದರೆ ನಾಳೆ ಏನು ಕೇಳುತ್ತೀ? ಕೂಸು ಹುಟ್ಟಿದ ಮೇಲೆ ಬೆಳಿಗ್ಗೆ ನನ್ನ ಮುಖವನ್ನು ಅದಕ್ಕೆ ತೋರಿಸಬೇಡ ಎಂದು ಅವರು ಅಂದರೆ, ಅದಕ್ಕೂ ಹೂಂ ಎನ್ನುತ್ತೀಯಾ? ನಿನ್ನ ಹೆರಿಗೆಗೆಂದು ಒಳಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬಾಣಂತಿ ಮಲಗುವ ಹೊರಸು ಬಿಸಿಲಿಗೆ ಹಾಕಿ ಒಣಗಿಸಿದ್ದೇನೆ. ತಂತಿ ಇದ್ದ ಮನೆಗೆ ಬರುವುದಾದರೆ ಬಾ. ಇಲ್ಲವಾದರೆ ಬರಬೇಡ. ಹೊರಸು ಎತ್ತಿಡಲು ನನಗೆ ಎರಡು ಕೈಗಳಿವೆ.

ಗುರುಬಾಯಿ ಶಂಕರೆಪ್ಪ


ಬಬಲೇಶ್ವರ
೧೬ ಏಪ್ರಿಲ್ ೨೦೨೫

ಅವ್ವಾ,

ನಿನ್ನ ಪತ್ರ ಕೊಟ್ಟೆ. ಇವರು ಪಡಸಾಲೆಯಲ್ಲಿ ನಿಂತು, ನಿನ್ನನ್ನು ಅಣಕಿಸುವ ದನಿಯಲ್ಲಿ ಗಟ್ಟಿಯಾಗಿ ಓದಲು ಸುರು ಮಾಡಿದರು. ಜುಮುಕಿಯ ಮಾತು ಬಂದಾಗ ಆ ದನಿ ಹೋಯಿತು. ಕೊನೆಯ ತನಕ ಓದಿ ಕಾಗದವನ್ನು ಹೊರಸಿನ ಮೇಲೆ ಎಸೆದರು. ಆದರೂ "ಕಳ್ಸೂದಿಲ್ಲ ಅಂದ್ರ ಕಳ್ಸೂದಿಲ್ಲ" ಎಂದರು. ಅತ್ತೆ ಎದ್ದು ಬಚ್ಚಲಿಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಪಟ್ಟಿಯ ಮಾತನ್ನು ನಾನು ಹೇಳಿದೆ. ಇಷ್ಟು ದಿನ ಹೇಳಿರಲಿಲ್ಲ.

ಕಾಲು ಬಾತಿವೆ. ಇರುಳೆಲ್ಲ ಕೂಸು ಒದೆಯುತ್ತದೆ. ನನಗೆ ಅಂಜಿಕೆಯಾಗುತ್ತದೆ ಅವ್ವಾ. ಮೂಗು ಈಗ ಹೇಗಿದೆ?

ನಿರ್ಮಲಾ


ತಿಕೋಟಾ
೨೪ ಏಪ್ರಿಲ್ ೨೦೨೫

ನಿರ್ಮಲಾ,

ಇದನ್ನು ಟಪಾಲಿಗೆ ಹಾಕಿಲ್ಲ. ತಂದು ಕೊಟ್ಟವರು ನಿನ್ನ ಅತ್ತೆ. ಅವರಿಗೆ ಓದಲು ಬರುವುದಿಲ್ಲ. ಹಾಗೆಂದು ಗಟ್ಟಿಯಾಗಿ ಓದಬೇಡ. ನಿಂತಲ್ಲೇ ನಿಂತು ಮನಸ್ಸಿನಲ್ಲಿ ಓದು. ನಾನು ಇದನ್ನು ಬರೆಯುವಾಗ ಅವರು ಇಲ್ಲಿ ಉಂಡು ಒಳಕೋಣೆಯಲ್ಲಿ ಅಡ್ಡಾಗಿದ್ದಾರೆ. ಸಂಜೆಯ ಬಸ್ಸಿಗೆ ಹೋಗುತ್ತಾರೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಬೆಳಿಗ್ಗೆ ನಾನು ಶೆಡ್ಡಿನಲ್ಲಿ ಮಣೂಕ ಆರಿಸುವ ಹೆಂಗಸರ ನಡುವೆ ಇದ್ದೆ. ಬಾಗಿಲಲ್ಲಿ ಸೋನಾಬಾಯಿ ನಿಂತಿದ್ದರು. ಒಬ್ಬರೇ.

"ತೊರವಿಗೆ ದೇವರಿಗೆ ಬಂದಿದ್ನಿರಿ. ಹಂಗ ಬಂದೆ" ಎಂದರು.

ತೊರವಿಗೆ ಬಂದವರು ಹಾಗೇ ತಿಕೋಟಾಕ್ಕೆ ಬರುವುದಿಲ್ಲ. ತಂತಿ ಇದೆಯೋ ಇಲ್ಲವೋ ನೋಡಲು ಬಂದಿದ್ದಾರೆಂದು ನನಗೆ ಸಿಟ್ಟು ನೆತ್ತಿಗೇರಿತು. ಮುಖ ಮುಂದೆ ಮಾಡಿದೆ. "ನೋಡ್ರಿ. ಐತಿ. ತಗದಿಲ್ಲ."

ಅವರು ಹತ್ತಿರ ಬಂದು ನೋಡಿದರು. "ನೋಯ್ತದೇನ್ರಿ?"

"ನೋಯಿಸಿದವ್ರು ಅದನ್ನ ಕೇಳಬಾರ್ದು."

ಆರಿಸುವ ಹೆಂಗಸರ ಕೈಗಳು ನಿಂತವು. ಬೀಗತಿಯನ್ನು ಕೂಲಿಯವರ ಎದುರು ನಿಲ್ಲಿಸಿ ಮಾತಾಡಬಾರದೆಂದು ಮನೆಗೆ ಕರೆದುಕೊಂಡು ಬಂದೆ. ಸೌಭಾಗ್ಯ ಚಹಾ ಇಟ್ಟು ಹೋದಳು. ಅವರು ಎದ್ದು ಬಾಗಿಲು ಮುಚ್ಚಿದರು. ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಅದರ ಕೊನೆಯ ಅರೆಯಲ್ಲಿ ಬೆರಳಾಡಿಸಿ ಏನನ್ನೋ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಸುಣ್ಣದ ಪುಡಿ ಹತ್ತಿದ, ಒಂದೇ ಕೆಂಪು ಹರಳಿನ ಮೂಗುತಿ.

"ಅರುಣ ತೊಟ್ಟಿಲದಾಗ ಇದ್ದಾಗ ತಗದ್ರು. ನಂದು ಕೂಡಿಲ್ರಿ ಬೀಗರ. ಕೂಡಾಕ ಬಿಟ್ಟಿಲ್ಲ. ತಲಿ ಎರ್ಕೊಳ್ಳೂ ದಿನ ಬಚ್ಚಲದಾಗ ಕಸಬರಿಗಿ ಕಡ್ಡಿ ಹಾಕ್ಕೊಂಡು ತಗೀತೇನಿ. ಯಾಕಂತ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ."

ನಿರ್ಮಲಾ, ನಾನು ಕರಗಿಹೋದೆ ಎಂದು ತಿಳಿಯಬೇಡ. ನನಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ವರ್ಷ ತನ್ನ ಮೂಗಿನಲ್ಲಿ ಕಡ್ಡಿ ಆಡಿಸುತ್ತ ಬಂದವರು ಯಾವ ಬಾಯಿಯಿಂದ ನಿನ್ನನ್ನು ಹಾಗೆ ಕೇಳಿದರು? ಅದನ್ನೇ ಅಂದೆ. "ಯಾರಿಗೆ ತೋರ್ಸಾಕ ಬೇ ಅಂತ ನನ್ನ ಮಗಳಿಗೆ ಕೇಳಿದ್ರೆಲಾ. ನೀವು ಯಾರಿಗೆ ತೋರ್ಸಾಕ ತೂತು ಉಳಿಸಿದ್ರಿ?"

"ನಮ್ಮ ಅತ್ತಿ ಒಮ್ಮಿ ಕಡ್ಡಿ ನೋಡಿದ್ಲು. ಆಕಿ ನನಗ ಅದ ಮಾತು ಅಂದಿದ್ಲು. ನನಗ ಅಂದದ್ದು ನಾ ಅಂದೆ" ಎಂದರು. ನನ್ನ ಅಂಗೈಯಲ್ಲಿದ್ದ ಮೂಗುತಿ ತೋರಿಸಿ, "ಇದು ನಮ್ಮಪ್ಪ ಕೊಡ್ಸಿದ್ದು. ಅರುಣ ನಿಮ್ಮ ಪತ್ರ ಓದೂ ಮಟ ನನಗ ಅದು ನೆನಪ ಇರಲಿಲ್ರಿ" ಎಂದರು.

ನಾನು ಬಯ್ದೆ. ನಿನ್ನನ್ನು ಅಳಿಸಿದ್ದಕ್ಕೆ, ಕುಬಸದಲ್ಲಿ ನನ್ನನ್ನು ನಗೆಗೀಡು ಮಾಡಿದ್ದಕ್ಕೆ, ನಿನ್ನ ಹೆರಿಗೆಯನ್ನು ಹಿಡಿದು ಎಳೆದಾಡಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಬಯ್ದೆ. ಅವರು ತಲೆಯಾಡಿಸುತ್ತ ಕೂತು ಕೇಳಿದರು, ಚಹಾ ಕುಡಿದರು. ಮುಗಿದ ಮೇಲೆ, "ಆತಿಲ್ರಿ? ಈಗ ಇದನ್ನ ಹಾಕ್ರಿ. ತಿರುಪು ನನ್ನ ಕೈಲೆ ಕೂಡೂದಿಲ್ಲ" ಎಂದರು.

ಕೈ ತೊಳೆದು ಬಂದೆ. ಮೂಗುತಿಯನ್ನೂ ತೊಳೆದೆ. ಮೂಗಿನೊಳಗೆ ಬೆರಳು ಹಾಕಿ ತಿರುಪು ಕೂಡಿಸುವಾಗ ಅವರು ಅಳುತ್ತ ಮೂಗು ಎಳೆಯತೊಡಗಿದರು.

"ಮೂಗು ಸುರಿಸಬ್ಯಾಡ್ರಿ, ತಿರುಪು ಜಾರ್ತದ" ಎಂದು ಗದರಿದೆ.

ಕನ್ನಡಿ ಕೊಟ್ಟೆ. ಎಷ್ಟೋ ಹೊತ್ತು ನೋಡಿದರು. ಆಮೇಲೆ, "ಸಾಕ್ರಿ. ಇನ್ನ ತಗೀರಿ" ಎಂದರು.

"ನಾ ಹಾಕಿದೆ. ತೆಗಿಯೂದು ನನ್ನ ಕೆಲಸ ಅಲ್ಲ. ನೀವ ತಕ್ಕೋರಿ."

ಕೈ ಮೂಗಿನ ತನಕ ಹೋಯಿತು. ಅಲ್ಲಿಂದ ಕೆಳಗಿಳಿಯಿತು. "ನಿರ್ಮಲಾನ್ನ ಸೋಮವಾರ ಕರ್ಕೊಂಡು ಹೋಗ್ರಿ. ಅರುಣಗ ನಾ ಹೇಳ್ತೇನಿ" ಎಂದರು. ಊಟ ಮಾಡಿದರು, ಮೂಗುತಿಯಲ್ಲೇ ಮಲಗಿದರು.

ಸೋಮವಾರ ಗಾಡಿ ತರುತ್ತೇನೆ. ಬಟ್ಟೆ ಗಂಟು ಕಟ್ಟಿಡು. ನನ್ನ ಮೂಗಿನ ಊತ ಇಳಿದಿದೆ, ತಂತಿಯ ಬುಡದಲ್ಲಿ ಮಾತ್ರ ಇನ್ನೂ ಹಸಿ. ಅದು ನಿಧಾನವಾಗಿಯೇ ಮಾಯುತ್ತದಂತೆ. ನಿನ್ನ ಮೇಲಿನ ಸಿಟ್ಟೂ ಹಾಗೆಯೇ ಎಂದು ತಿಳಿದುಕೋ.

ಬಬಲೇಶ್ವರ ಮುಟ್ಟುವ ತನಕ ನಿನ್ನ ಅತ್ತೆಯ ಧೈರ್ಯ ಉಳಿಯುತ್ತದೋ ಇಲ್ಲವೋ ನಾನು ಕಾಣೆ. ವಿಜಯಪುರದಲ್ಲಿ ಬಸ್ಸು ಬದಲಿಸುವಾಗ ತೆಗೆದು ಸಂಚಿಗೆ ಹಾಕಿಕೊಂಡರೂ ಹಾಕಿಕೊಂಡಾರು. ಹಾಗಾಗಿದ್ದರೆ ನಿನಗೆ ಏನೂ ಗೊತ್ತಿಲ್ಲದಂತೆ ಕುಡಿಯಲು ನೀರು ಕೊಡು. ಮೂಗುತಿಯಲ್ಲೇ ಬಂದಿದ್ದರೆ ಪಕ್ಕದ ಮನೆಯವರು ಕೇಳುತ್ತಾರೆ, ಮಗನೂ ಕೇಳುತ್ತಾನೆ. ಅತ್ತೆ ಬಾಯಿ ತೆರೆಯುವ ಮೊದಲು ನೀನು ಅವರ ಪರ ಮಾತಾಡಬೇಕು. ಕುರು ಆಗಿದೆ ಎನ್ನಲು ನಿನಗೆ ಎಷ್ಟು ಬೇಗ ಬಾಯಿ ಬಂದಿತ್ತೋ ಅದಕ್ಕಿಂತ ಬೇಗ.

ಕಾಗದ ಮಡಚು. ತಲೆ ಎತ್ತಿ ಅವರ ಮುಖ ನೋಡು.

ಅವ್ವ